ತೈವಾನಿನ ಸೆಕೆಯಲ್ಲಿ ಮಾಗಿದ ವಿಸ್ಕಿ, ಚಿಕ್ಕಮಗಳೂರಿನ ಚಳಿಯಲ್ಲಿ

ಗುರುವಾರ: ಹಾಸನದ ದಾರಿ

ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸುಮಾರು 245 ಕಿಲೋಮೀಟರ್. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ ದಾಟಿ ಹಾಸನದವರೆಗೆ ಹೆದ್ದಾರಿ, ಅಲ್ಲಿಂದ ಬೇಲೂರಿನ ಮೇಲೆ ಚಿಕ್ಕಮಗಳೂರು. ಅರೇಬಿಕಾ ಕೊಯ್ಲು ಮುಗಿಯುತ್ತ ರೋಬಸ್ಟಾ ಕೊಯ್ಲು ಶುರುವಾಗುವ ಜನವರಿ ಈ ಪ್ರವಾಸಕ್ಕೆ ತಕ್ಕ ಕಾಲ. ಮಳೆ ಇರುವುದಿಲ್ಲ, ಹಗಲು ಹಿತವಾಗಿರುತ್ತದೆ, ರಾತ್ರಿ ಚಳಿ. ವಿಸ್ಕಿ ಮೂಸಿ ನೋಡಲು ಮಳೆಗಾಲ ಒಳ್ಳೆಯದಲ್ಲ. ಆಗ ಮಲೆನಾಡಿನ ಮನೆಗಳಲ್ಲಿ ಬೂಸ್ಟಿನ ವಾಸನೆ ಎಲ್ಲದರ ಮೇಲೂ ಕೂತಿರುತ್ತದೆ, ಲೋಟದ ಒಳಗೂ.

ಸಾಮಾನಿನಲ್ಲಿ ಎರಡು ಬಾಟಲಿ. ಒಂದು ತೈವಾನಿನ ಕವಲಾನ್ ಸೋಲಿಸ್ಟ್ ವಿನ್ಯೊ ಬರೀಕ್. ಇನ್ನೊಂದು ನಮ್ಮದೇ ಅಮೃತ್ ಫ್ಯೂಷನ್. ಮೊದಲನೆಯದಕ್ಕಾಗಿಯೇ ಪ್ರಯಾಣ, ಎರಡನೆಯದು ಹೋಲಿಸಿ ನೋಡಲು. ಕವಲಾನ್ ನಮ್ಮ ಊರುಗಳ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ವಿದೇಶದಿಂದ ಬರುವವರು ತಲಾ 2 ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು, ಹೆಚ್ಚಿನವರ ಕೈಗೆ ಅದು ಬರುವುದೇ ಹಾಗೆ. ಯಾವುದೇ ಬಾಟಲಿಯಾದರೂ ಬಿಲ್ ಜೊತೆಗಿಟ್ಟುಕೊಂಡೇ ಹೊರಡಬೇಕು.

ಬಾಟಲಿ ಸಾಗಿಸುವುದರಲ್ಲಿ ಎರಡು ಎಚ್ಚರಿಕೆ. ವೈನನ್ನು ಮಲಗಿಸಿಡುವ ಅಭ್ಯಾಸ ವಿಸ್ಕಿಗೆ ಹೊಂದುವುದಿಲ್ಲ. ಶೇಕಡ 50 ದಾಟಿದ ಮದ್ಯಸಾರ ಸದಾ ತಾಗಿಕೊಂಡಿದ್ದರೆ ಕಾರ್ಕ್ ಮೆತ್ತಗಾಗಿ ಪುಡಿಯಾಗುತ್ತದೆ, ಅದರ ಕಹಿಯೂ ಒಳಗಿಳಿಯುತ್ತದೆ. ಆದ್ದರಿಂದ ಬಾಟಲಿ ನೆಟ್ಟಗೆ ನಿಂತಿರಬೇಕು. ಎರಡನೆಯದು ಬಿಸಿಲು. ಬೇಲೂರಿನಲ್ಲಿ ಚೆನ್ನಕೇಶವನ ಗುಡಿ ನೋಡದೆ ಮುಂದೆ ಹೋಗುವವರು ಕಡಿಮೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಆ ಗುಡಿಯಲ್ಲಿ ಎರಡು ಗಂಟೆ ಎಲ್ಲಿಗೂ ಸಾಲದು. ಅಷ್ಟು ಹೊತ್ತು ಬಿಸಿಲಲ್ಲಿ ನಿಂತ ಕಾರಿನ ಒಳಗೆ ಕೈ ಇಡಲಾಗದಷ್ಟು ಕಾವು ಏರುತ್ತದೆ. ಬಾಟಲಿಯ ಕುತ್ತಿಗೆಯಲ್ಲಿರುವ ಗಾಳಿ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ, ಮೊದಲೇ ತೆರೆದ ಬಾಟಲಿಯಾದರೆ ಹನಿ ಜಿನುಗುತ್ತದೆ. ದಪ್ಪ ಟವೆಲಿನಲ್ಲಿ ಸುತ್ತಿ ಸೀಟಿನ ಕೆಳಗೆ ನೆಟ್ಟಗೆ ನಿಲ್ಲಿಸಿ, ಗಾಡಿಯನ್ನು ಮರದ ನೆರಳಿನಲ್ಲಿ ಬಿಟ್ಟರೆ ಸಾಕು.

ಬೇಲೂರಿನಿಂದ ಚಿಕ್ಕಮಗಳೂರಿಗೆ ಸುಮಾರು 25 ಕಿಲೋಮೀಟರ್. ಈ ದಾರಿಯಲ್ಲಿ ಕವಲಾನ್ ಬಗ್ಗೆ ಹೇಳಿಬಿಡುವುದು ಒಳ್ಳೆಯದು.

ತೈವಾನ್ ದ್ವೀಪದ ಈಶಾನ್ಯದಲ್ಲಿ ಯಿಲಾನ್ ಎಂಬ ಜಿಲ್ಲೆ ಇದೆ. ಅದರ ಹಳೆಯ ಹೆಸರು ಕವಲಾನ್, ಅಲ್ಲಿನ ಮೂಲನಿವಾಸಿಗಳ ಹೆಸರೂ ಅದೇ. ಕರ್ಕಾಟಕ ಸಂಕ್ರಾಂತಿ ವೃತ್ತ ದ್ವೀಪದ ನಡುವೆಯೇ ಹಾದುಹೋಗುತ್ತದೆ. ಬೇಸಿಗೆ ಎಂದರೆ ಬೆವರು, ತೇವ, ಆಮೇಲೆ ಚಂಡಮಾರುತ. ವಿಸ್ಕಿಗೆ ಚಳಿ ದೇಶವೇ ಬೇಕು ಎಂದು ನಂಬಿದ್ದ ಕಾಲದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗ. ಅಲ್ಲಿ ಮದ್ಯ ತಯಾರಿಕೆ ಸರ್ಕಾರದ ಏಕಸ್ವಾಮ್ಯವಾಗಿತ್ತು. 2002ರಲ್ಲಿ ತೈವಾನ್ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರುವಾಗ ಅದು ಕೊನೆಗೊಂಡು ಖಾಸಗಿಯವರಿಗೆ ಬಾಗಿಲು ತೆರೆಯಿತು. ಕಿಂಗ್ ಕಾರ್ ಎಂಬ ಸಮೂಹ 2005ರಲ್ಲಿ ಕಟ್ಟಡ ಶುರುಮಾಡಿ, 2006ರ ಮಾರ್ಚ್‌ನಲ್ಲಿ ಮೊದಲ ಸಲ ಬಟ್ಟಿ ಇಳಿಸಿತು. 2008ರಲ್ಲಿ ಮೊದಲ ಬಾಟಲಿ ಬಂತು. ಚಿಕ್ಕಮಗಳೂರಿನವರಿಗೆ ಇದರಲ್ಲೊಂದು ನಂಟು ಕಾಣಬಹುದು: ಕಿಂಗ್ ಕಾರ್ ತನ್ನ ನಾಡಿನಲ್ಲಿ ಮೊದಲು ಮನೆಮಾತಾಗಿದ್ದು ಮಿಸ್ಟರ್ ಬ್ರೌನ್ ಎಂಬ ಡಬ್ಬಿ ಕಾಫಿಯಿಂದ. ಕಾಫಿ ಮಾರಿ ಗಳಿಸಿದವರು ವಿಸ್ಕಿಗೆ ಕೈ ಹಾಕಿದ್ದು.

2010ರ ಜನವರಿಯಲ್ಲಿ ಎಡಿನ್‌ಬರೋದ ಲೀತ್‌ನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಹೆಸರು ಮರೆಮಾಡಿ ರುಚಿ ನೋಡುವ ಪರೀಕ್ಷೆ ನಡೆಸಿತು. ಸ್ಕಾಟ್ಲೆಂಡಿನ ವಿಸ್ಕಿಗಳ ನಡುವೆ ಇಟ್ಟ ಕವಲಾನ್ ಮೊದಲು ಬಂತು. 2015ರಲ್ಲಿ ಇದೇ ವಿನ್ಯೊ ಬರೀಕ್‌ಗೆ ವರ್ಲ್ಡ್ ವಿಸ್ಕೀಸ್ ಅವಾರ್ಡ್ಸ್‌ನಲ್ಲಿ ಜಗತ್ತಿನ ಶ್ರೇಷ್ಠ ಸಿಂಗಲ್ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿಯಿಂದಲೇ ಒಂದೇ ಡಿಸ್ಟಿಲರಿಯಲ್ಲಿ ಮಾಡಿದ ವಿಸ್ಕಿ) ಎಂಬ ಪಟ್ಟ ಸಿಕ್ಕಿತು. ಅದಕ್ಕೂ ಮೊದಲೇ, 2004ರಲ್ಲಿ, ಅಮೃತ್ ತನ್ನ ಸಿಂಗಲ್ ಮಾಲ್ಟ್ ಅನ್ನು ನೇರ ಗ್ಲಾಸ್ಗೋಗೆ ಒಯ್ದು ಬಿಡುಗಡೆ ಮಾಡಿತ್ತು ಎಂಬುದನ್ನು ಕನ್ನಡಿಗರಾದರೂ ನೆನಪಿಡಬೇಕು. 1948ರಲ್ಲಿ ಶುರುವಾದ ಈ ಬೆಂಗಳೂರಿನ ಕಂಪನಿಯೇ ಸೆಕೆಯ ನಾಡಿನ ಮಾಲ್ಟ್‌ಗೆ ದಾರಿ ಮಾಡಿದ್ದು.

ಸೆಕೆ ಮಾಡುವ ಕೆಲಸವೇನು? ಪೀಪಾಯಿಯ ಮರ ಉಸಿರಾಡುತ್ತದೆ. ಬಿಸಿಯಾದಾಗ ದ್ರವ ಹಿಗ್ಗಿ ಮರದೊಳಗೆ ಇಳಿಯುತ್ತದೆ, ತಣಿದಾಗ ಮರದ ಬಣ್ಣ, ಸಿಹಿ, ಒಗರನ್ನು ಹೊತ್ತು ಹೊರಬರುತ್ತದೆ. ಕಾವು ಹೆಚ್ಚಿದಷ್ಟೂ ಈ ಓಡಾಟ ಜೋರು, ಆವಿಯಾಗಿ ಹೋಗುವುದೂ ಹೆಚ್ಚು. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇಕಡ 2 ಹೋದರೆ ಬೆಂಗಳೂರಿನಲ್ಲೂ ಯಿಲಾನ್‌ನಲ್ಲೂ ಶೇಕಡ 10ರಿಂದ 12. ಲೆಕ್ಕ ಹಾಕಿ ನೋಡಿ. 200 ಲೀಟರಿನ ಪೀಪಾಯಿ ಸ್ಕಾಟ್ಲೆಂಡಿನಲ್ಲಿ 12 ವರ್ಷ ಮಲಗಿದರೆ 157 ಲೀಟರ್ ಉಳಿಯುತ್ತದೆ. ವರ್ಷಕ್ಕೆ ಶೇಕಡ 10 ಆವಿಯಾಗುವ ಕಡೆ 5 ವರ್ಷಕ್ಕೇ 118 ಲೀಟರಿಗೆ ಇಳಿಯುತ್ತದೆ, 12 ವರ್ಷ ಬಿಟ್ಟರೆ 56 ಲೀಟರ್, ಅದೂ ಬರೀ ಮರದ ಕಷಾಯ. ಈ ನಾಡುಗಳ ಲೇಬಲ್ಲಿನ ಮೇಲೆ ವಯಸ್ಸು ಅಪರೂಪವಾಗಿರುವುದಕ್ಕೆ ಕಾರಣ ಇದು. 4 ಅಥವಾ 5 ವರ್ಷದ ಮಾಲ್ಟ್ ಎಂದು ಮೂಗು ಮುರಿಯುವವರು ಚಳಿ ದೇಶದ ಅಳತೆಗೋಲನ್ನು ಸೆಕೆ ದೇಶಕ್ಕೆ ಹಿಡಿಯುತ್ತಿದ್ದಾರೆ.

ಆ ಅಳತೆಗೋಲು ರುಚಿ ನೋಡುವ ವಿಧಾನದಲ್ಲೂ ಇದೆ. ಮೂರು ಹನಿ ನೀರು ಸಾಕು ಎಂಬ ಮಾತು ಶೇಕಡ 43 ಮದ್ಯಸಾರದ ಸ್ಕಾಚ್‌ಗೆ ಸರಿ. ಪೀಪಾಯಿಯಿಂದ ನೇರ ಬಂದ, ಶೇಕಡ 58ರ, ಮರ ತುಂಬಿಕೊಂಡ ವಿಸ್ಕಿಗೆ ಅದು ಏನೂ ಮಾಡುವುದಿಲ್ಲ.

ಸಂಜೆ ತೋಟದ ಮನೆ ತಲುಪಿದ ಮೇಲೆ ಬಾಟಲಿ ತೆರೆಯಲಿಲ್ಲ. ದಿನವಿಡೀ ಧೂಳು, ಏಸಿ ಗಾಳಿ ಕುಡಿದ ಮೂಗು ಒಣಗಿರುತ್ತದೆ, ಅದಕ್ಕೆ ಸೂಕ್ಷ್ಮ ಸಿಗುವುದಿಲ್ಲ. ಆ ಹೊತ್ತಿನ ಕೆಲಸ ಲೋಟ ತೊಳೆಯುವುದು. ಹೊಟ್ಟೆ ಅಗಲವಾಗಿ ಬಾಯಿ ಕಿರಿದಾದ ಗಾಜಿನ ಲೋಟ ಬೇಕು. ಅದಿಲ್ಲದಿದ್ದರೆ ಚಿಕ್ಕ ವೈನ್ ಲೋಟವೂ ಆದೀತು. ಬಾಯಿ ಅಗಲದ ನೀರಿನ ಲೋಟದಲ್ಲಿ ಪರಿಮಳ ನಿಲ್ಲುವುದಿಲ್ಲ, ಸ್ಟೀಲ್ ಲೋಟದಲ್ಲಂತೂ ಬಣ್ಣವೂ ಕಾಣದು. ಸೋಪು ಹಾಕದೆ ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಗಾಳಿಯಾಡುವ ತಂತಿ ಸ್ಟ್ಯಾಂಡಿನ ಮೇಲೆ ಬೋರಲು ಹಾಕಬೇಕು. ಬಟ್ಟೆಯ ಮೇಲೆ ಬೋರಲಿಟ್ಟರೆ ಒದ್ದೆ ಬಟ್ಟೆಯ ನಾತವನ್ನೇ ಮಾರನೆಯ ದಿನ ವಿಸ್ಕಿಯಲ್ಲಿ ಹುಡುಕಬೇಕಾಗುತ್ತದೆ. ಬೀರುವಿನಲ್ಲಿಟ್ಟರೆ ನುಸಿಗುಳಿಗೆ ವಾಸನೆ.

ಶುಕ್ರವಾರ: ತೋಟದ ತಟ್ಟೆ, ಮೊದಲ ಗುಟುಕು

ಬೆಳಿಗ್ಗೆ ತೋಟ ಸುತ್ತುವುದು ಮೂಗಿಗೆ ಪಾಠ. 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದರೆಂದು ಹೇಳುವ ಗುಡ್ಡಸಾಲು ಎದುರಿಗೇ ಇದೆ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಬಂದ 795 ತಳಿಯ ಗಿಡಗಳು ಈಗಲೂ ಅರೇಬಿಕಾ ತೋಟಗಳಲ್ಲಿ ಸಾಮಾನ್ಯ. ಆದರೆ ರುಚಿ ನೋಡುವ ಜಾಗ ಪಲ್ಪಿಂಗ್ ಮನೆಯಿಂದಲೂ ಕಣದಿಂದಲೂ ದೂರ ಇರಬೇಕು. ಸುಲಿದ ಹಣ್ಣಿನ ಸಿಪ್ಪೆ ಹುಳಿಬರುವ ವಾಸನೆ ಗಾಳಿಯಲ್ಲಿದ್ದರೆ ವಿಸ್ಕಿಯ ಹಣ್ಣಿನ ಪರಿಮಳ ಯಾವುದು, ಕಣದ್ದು ಯಾವುದು ಎಂದು ಬೇರೆ ಮಾಡಲಾಗದು. ಗಾಳಿ ಬರುವ ದಿಕ್ಕಿನ ಜಗಲಿ ಆರಿಸಿಕೊಂಡರೆ ಆಯಿತು.

ವಿಸ್ಕಿ ಪುಸ್ತಕಗಳ ವರ್ಣನೆಯಲ್ಲಿ ಬರುವ ಬ್ಲ್ಯಾಕ್‌ಕರಂಟ್, ಹೆದರ್ ಹೂವು, ಮಾರ್ಜಿಪಾನ್ ನಮ್ಮಲ್ಲಿ ಎಷ್ಟು ಜನ ಮೂಸಿದ್ದೇವೆ? ಅವನ್ನು ಬಾಯಿಪಾಠ ಮಾಡುವ ಬದಲು ತೋಟದಿಂದಲೇ ಒಂದು ತಟ್ಟೆ ಸಜ್ಜುಮಾಡಿಕೊಳ್ಳುವುದು ಹೆಚ್ಚು ಉಪಯೋಗ. ನಾವು ಇಟ್ಟುಕೊಂಡದ್ದು: ಎರಡು ಲವಂಗ, ಒಂದು ಚೂರು ಒಣ ಕೊಬ್ಬರಿ, ವೆನಿಲ್ಲಾ ಕೋಡಿನ ತುಂಡು, ಜೋನಿ ಬೆಲ್ಲ ಒಂದು ಚಮಚ, ಕಳಿತ ಪುಟ್ಟಬಾಳೆ, ಕಿತ್ತಳೆ ಸಿಪ್ಪೆ, ಒಣ ಜಾಯಿಪತ್ರೆ, ಆಗಷ್ಟೇ ಹುರಿದ ಕಾಫಿ ಬೀಜ ಹತ್ತು. ಒಂದೊಂದನ್ನೂ ಬೇರೆ ಬಟ್ಟಲಲ್ಲಿ ಹಾಕಿ ಮುಚ್ಚಿಡಬೇಕು, ಇಲ್ಲದಿದ್ದರೆ ಲವಂಗ ಎಲ್ಲವನ್ನೂ ನುಂಗಿಬಿಡುತ್ತದೆ.

ಈ ಆಯ್ಕೆ ಬೇಕಾಬಿಟ್ಟಿ ಅಲ್ಲ. ಓಕ್ ಮರವನ್ನು ಸುಟ್ಟಾಗ ಅದರ ಲಿಗ್ನಿನ್ ಒಡೆದು ವೆನಿಲಿನ್ ಆಗುತ್ತದೆ, ವೆನಿಲ್ಲಾ ಕೋಡಿನಲ್ಲಿರುವುದೂ ಅದೇ. ಲವಂಗದ ಘಾಟು ಯೂಜೆನಾಲ್‌ನದು, ಅದು ಓಕ್‌ನಲ್ಲೂ ಇದೆ. ಅಮೆರಿಕದ ಓಕ್‌ನಲ್ಲಿ ಹೇರಳವಾಗಿರುವ ಲ್ಯಾಕ್ಟೋನ್ ಕೊಬ್ಬರಿಯ ಪರಿಮಳ ಕೊಡುತ್ತದೆ. ಬಾಳೆಹಣ್ಣಿನ ವಾಸನೆಯ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರ್ ಹುದುಗುವಾಗ ಯೀಸ್ಟ್‌ನಿಂದ ಹುಟ್ಟಿ ವಿಸ್ಕಿಯವರೆಗೂ ಬರುತ್ತದೆ. ಹೊಗೆಯ ವಾಸನೆಯ ಗ್ವಾಯಕಾಲ್ ಹುರಿದ ಕಾಫಿಯಲ್ಲೂ ಇದೆ, ಪೀಟ್ ಎಂಬ ಜೌಗು ನೆಲದ ಉರುವಲಿನ ಹೊಗೆ ತಾಗಿದ ಮಾಲ್ಟ್‌ನಲ್ಲೂ ಇದೆ. ತಟ್ಟೆಯಲ್ಲಿ ಮೂಸಿದ್ದನ್ನು ಲೋಟದಲ್ಲಿ ಗುರುತಿಸುವಾಗ ಕಲ್ಪನೆಯ ಕೆಲಸ ಕಡಿಮೆ, ನೆನಪಿನ ಕೆಲಸ ಹೆಚ್ಚು.

ಸಮಯ ಬೆಳಿಗ್ಗೆ ಹನ್ನೊಂದು. ತಿಂಡಿ ಮುಗಿದು ಎರಡು ಗಂಟೆ ಆಗಿರಬೇಕು, ಕಾಫಿ ಕುಡಿದು ಕನಿಷ್ಠ ಒಂದು ಗಂಟೆ. ಕಾಫಿಯ ಕಹಿ ನಾಲಿಗೆಯ ಮೇಲೆ ಇದ್ದಾಗ ಯಾವ ವಿಸ್ಕಿಯಾದರೂ ಸಪ್ಪೆಯಾಗಿ ಸಿಹಿಯಾಗುತ್ತದೆ. ಚಿಕ್ಕಮಗಳೂರಿನಲ್ಲಿ ಈ ನಿಯಮ ಪಾಲಿಸುವುದು ಎಲ್ಲಕ್ಕಿಂತ ಕಷ್ಟ, ಆದರೂ ಪಾಲಿಸಲೇಬೇಕು.

ಲೋಟಕ್ಕೆ 15 ಮಿಲಿಲೀಟರ್, ಹೆಚ್ಚು ಬೇಡ. ಜಗಲಿಯ ಮೇಲೆ ರಾತ್ರಿ ಕಳೆದ ಬಾಟಲಿ ತಣ್ಣಗೆ ಕೊರೆಯುತ್ತಿರುತ್ತದೆ, 15 ಡಿಗ್ರಿಗಿಂತ ಕೆಳಗಿದ್ದರೆ ಪರಿಮಳ ಏಳುವುದಿಲ್ಲ. 18ರಿಂದ 22 ಡಿಗ್ರಿ ಹದ. ಲೋಟದ ಹೊಟ್ಟೆಯನ್ನು ಅಂಗೈಯಲ್ಲಿ ಐದು ನಿಮಿಷ ಹಿಡಿದರೆ ಆ ಹದಕ್ಕೆ ಬರುತ್ತದೆ. ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಲು ಹೋದರೆ ಮದ್ಯಸಾರದ ಹಬೆ ಮೊದಲು ಎದ್ದು ಮೂಗು ಸುಡುತ್ತದೆ.

ಯಾವುದು ಮೊದಲು? ಕಡಿಮೆ ಶಕ್ತಿಯದು ಮೊದಲು, ಹೆಚ್ಚಿನದು ಆಮೇಲೆ ಎಂಬುದು ರೂಢಿ. ಹಾಗಾದರೆ ಶೇಕಡ 50ರ ಫ್ಯೂಷನ್ ಮೊದಲು ಬರಬೇಕು. ಆದರೆ ಫ್ಯೂಷನ್‌ನಲ್ಲಿ ಭಾರತದ ಬಾರ್ಲಿಯ ಜೊತೆ ಕಾಲು ಭಾಗ ಸ್ಕಾಟ್ಲೆಂಡಿನ ಪೀಟ್ ಹೊಗೆ ಹಾಕಿದ ಬಾರ್ಲಿಯ ಮಾಲ್ಟ್ ಇದೆ, ಹೊಗೆ ಒಮ್ಮೆ ಬಾಯಿಗೆ ಹತ್ತಿದರೆ ಅರ್ಧ ಗಂಟೆ ಬಿಡುವುದಿಲ್ಲ. ಶಕ್ತಿಯ ನಿಯಮಕ್ಕಿಂತ ಹೊಗೆಯ ನಿಯಮ ದೊಡ್ಡದು. ಕವಲಾನ್ ಮೊದಲು, ಇಪ್ಪತ್ತು ನಿಮಿಷ ಬಿಡುವು, ನಡುವೆ ನೀರು ಮತ್ತು ಉಪ್ಪಿಲ್ಲದ ಅಕ್ಕಿರೊಟ್ಟಿಯ ಎರಡು ತುಣುಕು, ಆಮೇಲೆ ಫ್ಯೂಷನ್.

ಮೂಸುವಾಗ ಲೋಟವನ್ನು ಗರಗರ ತಿರುಗಿಸಬಾರದು, ಶೇಕಡ 58ರಲ್ಲಿ ತಿರುಗಿಸಿದರೆ ಮೇಲೇಳುವುದು ಘಾಟು ಮಾತ್ರ. ಗಲ್ಲದ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದು, ನಿಧಾನವಾಗಿ ಮೇಲೆ ತರಬೇಕು. ಎರಡು ಮೂರು ಸೆಕೆಂಡಿಗೆ ತೆಗೆದುಬಿಡಬೇಕು. ಮೂಗು ಸೋತಿತೆನಿಸಿದರೆ ಸ್ವಂತ ಮುಂಗೈ ಮೂಸಿದರೆ ಸಾಕು. ಅತ್ತರಿನ ಅಂಗಡಿಯಲ್ಲಿ ಮಾಡುವ ಹಾಗೆ ಕಾಫಿ ಬೀಜ ಮೂಸುವುದರಿಂದ ಮೂಗಿಗೆ ವಿಶ್ರಾಂತಿ ಸಿಗುವುದಿಲ್ಲ. ನೂರಾರು ಪರಿಮಳದ ಅಣುಗಳನ್ನು ಹೊತ್ತ ವಸ್ತು ಅದು.

ಸೋಲಿಸ್ಟ್ ಸರಣಿಯಲ್ಲಿ ಒಂದು ಬಾಟಲಿಗೆ ಒಂದೇ ಪೀಪಾಯಿಯ ವಿಸ್ಕಿ. ಲೇಬಲ್ಲಿನಲ್ಲಿ ಪೀಪಾಯಿಯ ಸಂಖ್ಯೆ, ಬಾಟಲಿಯ ಸಂಖ್ಯೆ, ಶಕ್ತಿ ಬರೆದಿರುತ್ತದೆ. ಹಾಗಾಗಿ ಇಬ್ಬರ ಬಾಟಲಿ ಒಂದೇ ಥರ ಇರುವುದಿಲ್ಲ. ನಮ್ಮೆದುರಿನದು ಶೇಕಡ 58ರ ಆಸುಪಾಸಿನದು. ಕೆಂಪು ಬೆರೆತ ಗಾಢ ಜೇನು ಬಣ್ಣ, ಬಣ್ಣ ಬೆರೆಸಿಲ್ಲ. ಮೊದಲು ಬರುವುದು ಮಿತಿಮೀರಿ ಕಳಿತ ಮಾವು, ಅದರ ಹಿಂದೆ ವೆನಿಲ್ಲಾ, ಸುಟ್ಟ ಸಕ್ಕರೆ. ಕೊಬ್ಬರಿ ನಿಧಾನಕ್ಕೆ ಬರುತ್ತದೆ. ಕಪ್ಪು ಚಾಕೊಲೇಟಿನ ಕಹಿ ಲೋಟ ಖಾಲಿಯಾದ ಮೇಲೂ ಉಳಿಯುತ್ತದೆ.

ಈ ಸಿಹಿ ಎಲ್ಲಿಂದ? ವಿನ್ಯೊ ಬರೀಕ್‌ನ ಪೀಪಾಯಿಗಳು ಮೊದಲು ವೈನ್ ತುಂಬಿದ್ದ ಅಮೆರಿಕದ ಓಕ್. ಹಳೆಯ ವೈನ್ ಪೀಪಾಯಿಗೆ ಸ್ಪಿರಿಟನ್ನು, ಅಂದರೆ ಬಟ್ಟಿ ಇಳಿಸಿದ ಹೊಸ ಮದ್ಯವನ್ನು, ನೇರ ಸುರಿದರೆ ಮರದ ಒಳಮೈಯಲ್ಲಿ ಕೂತ ಹುಳಿ, ಗಂಧಕದ ನಾತ ವಿಸ್ಕಿಗೆ ಬರುತ್ತದೆ. ಅದಕ್ಕೆ ಸ್ಕಾಟ್ಲೆಂಡಿನ ತಜ್ಞ ಡಾ. ಜಿಮ್ ಸ್ವಾನ್ ಕಂಡುಕೊಂಡ ಉಪಾಯ ಮೂರು ಹಂತದ್ದು. ಮೊದಲು ಒಳಮೈಯನ್ನು ಕೆಲವು ಮಿಲಿಮೀಟರ್ ಹೆರೆದು ಹುಳಿತ ಪದರ ತೆಗೆಯುವುದು. ಆಮೇಲೆ ಸಣ್ಣ ಉರಿಯಲ್ಲಿ ನಿಧಾನ ಕಾಯಿಸುವುದು, ಆಗ ಮರದ ಆಳದಲ್ಲಿ ಉಳಿದ ವೈನಿನ ಸಕ್ಕರೆಯೂ ಮರದ ಸಕ್ಕರೆಯೂ ಕೆಂಪಗಾಗುತ್ತವೆ. ಕೊನೆಗೆ ಜೋರು ಉರಿಯಲ್ಲಿ ಒಳಮೈ ಇದ್ದಿಲಾಗುವವರೆಗೆ ಸುಡುವುದು, ಆ ಇದ್ದಿಲು ಎಳೆ ಸ್ಪಿರಿಟಿನ ಗಂಧಕವನ್ನು ಹೀರಿಕೊಳ್ಳುತ್ತದೆ. ಕಾಫಿ ಹುರಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒಂದೇ ಬೀಜ ಸಣ್ಣ ಉರಿಗೂ ಜೋರು ಉರಿಗೂ ಬೇರೆ ಬೇರೆ ರುಚಿ ಬಿಡುತ್ತದೆ. ಸ್ವಾನ್ 2017ರಲ್ಲಿ ತೀರಿಕೊಂಡರು. ಅವರ ವಿಧಾನ ಈಗ ಹಲವು ದೇಶಗಳ ಹೊಸ ಡಿಸ್ಟಿಲರಿಗಳಲ್ಲಿದೆ.

ಮೊದಲ ಗುಟುಕಿನ ಮೇಲೆ ತೀರ್ಪು ಕೊಡಬಾರದು. ಮದ್ಯಸಾರ ಬಾಯಿಯಲ್ಲಿ ಬಿಸಿ ಗುರುತಿಸುವ ನರದ ಮಿತಿಯನ್ನು ಸುಮಾರು 42 ಡಿಗ್ರಿಯಿಂದ 34 ಡಿಗ್ರಿಗೆ ಇಳಿಸುತ್ತದೆ. ಅಂದರೆ ನಮ್ಮ ಮೈಯ ಕಾವೇ ಉರಿಯಂತೆ ಅನಿಸತೊಡಗುತ್ತದೆ. ಮೊದಲು ಒಂದೆರಡು ಮಿಲಿಲೀಟರ್ ನಾಲಿಗೆಗೆ ಸವರಿ, ಹತ್ತು ಸೆಕೆಂಡು ಬಿಟ್ಟು ನುಂಗಿ ಅಥವಾ ಉಗುಳಿ, ಒಂದು ನಿಮಿಷ ಕಾಯಬೇಕು. ಎರಡನೆಯ ಗುಟುಕಿನಲ್ಲಿ ಉರಿ ಹಿಂದೆ ಸರಿದು ರುಚಿ ಮುಂದೆ ಬರುತ್ತದೆ. ಉಗುಳಲು ಒಂದು ಮಗ್ ಇಟ್ಟುಕೊಳ್ಳುವುದರಲ್ಲಿ ಸಂಕೋಚ ಬೇಡ. ಕಾಫಿ ರುಚಿ ನೋಡುವವರು ಉಗುಳುವುದು ಕುಶಾಲನಗರದಿಂದ ಕೊಪ್ಪದವರೆಗೆ ಎಲ್ಲರೂ ಕಂಡದ್ದೇ.

ಫ್ಯೂಷನ್ ಇದರ ಪಕ್ಕದಲ್ಲಿ ಒಣಗಿದ ಧಾನ್ಯದಂತೆ, ಗಂಭೀರವಾಗಿ ಕಾಣುತ್ತದೆ. ಬಾರ್ಲಿಯ ರುಚಿ ಸ್ಪಷ್ಟ, ಹೊಗೆ ಅಂಚಿನಲ್ಲಿ, ನಡುವೆ ಕಿತ್ತಳೆ ಸಿಪ್ಪೆ ಮತ್ತು ಜಾಯಿಪತ್ರೆ. ಕವಲಾನ್‌ನಲ್ಲಿ ಪೀಪಾಯಿ ಮಾತಾಡುತ್ತದೆ, ಫ್ಯೂಷನ್‌ನಲ್ಲಿ ಕಾಳು. ಬೆರಗು ಮೊದಲನೆಯದರಲ್ಲಿ ಹೆಚ್ಚು. ದಿನವೂ ಮನೆಯಲ್ಲಿಟ್ಟುಕೊಳ್ಳಲು ಆರಿಸಬೇಕೆಂದರೆ ನಮ್ಮ ಮತ ಎರಡನೆಯದಕ್ಕೆ.

ಶನಿವಾರ: ಗಿರಿ, ಆಮೇಲೆ ನೀರು

ಬೆಳಿಗ್ಗೆ ಮುಳ್ಳಯ್ಯನಗಿರಿ. 1930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ಬಾಟಲಿಗಳು ಮನೆಯಲ್ಲೇ ಇರಬೇಕು. ಕೈಮರ ಚೆಕ್‌ಪೋಸ್ಟ್‌ನಲ್ಲಿ ಗಾಡಿ ತಪಾಸಣೆ ಆಗುತ್ತದೆ, ಗಿರಿ ಪ್ರದೇಶಕ್ಕೆ ಮದ್ಯ ಒಯ್ಯುವಂತಿಲ್ಲ. ಆ ನಿಯಮ ನೂರಕ್ಕೆ ನೂರು ಸರಿ. ಶೋಲಾ ಕಾಡಿನ ಅಂಚಿನಲ್ಲಿ ಒಡೆದ ಬಾಟಲಿಯ ಚೂರು ನೋಡಿದವರಿಗೆ ಬೇರೆ ವಾದ ಬೇಡ. ಗಾಡಿಗೆ ಮುಂಗಡವಾಗಿ ಆನ್‌ಲೈನ್ ನೋಂದಣಿಯನ್ನೂ ಮಾಡಿಕೊಂಡಿರಬೇಕು.

ಮಧ್ಯಾಹ್ನ ಮೂರಕ್ಕೆ ಪ್ರವಾಸದ ಮುಖ್ಯ ಕೆಲಸ: ನೀರಿನ ಮೆಟ್ಟಿಲು, ಅಂದರೆ ಒಂದೇ ವಿಸ್ಕಿಗೆ ಬೇರೆ ಬೇರೆ ಲೋಟದಲ್ಲಿ ಹೆಚ್ಚು ಹೆಚ್ಚು ನೀರು ಬೆರೆಸಿ ಹೋಲಿಸುವುದು. ಮೆಡಿಕಲ್ ಶಾಪಿನಲ್ಲಿ ಸಿಗುವ 10 ಮಿಲಿಲೀಟರಿನ ಸಿರಿಂಜ್, ಸೂಜಿ ಇಲ್ಲದ್ದು, ಎರಡು ಬೇಕು. ಒಂದು ವಿಸ್ಕಿಗೆ, ಒಂದು ನೀರಿಗೆ. ಚಮಚದ ಅಳತೆ ನಂಬುವಂತಿಲ್ಲ.

ಲೆಕ್ಕ ಸುಲಭ. ಲೇಬಲ್ಲಿನ ಶೇಕಡಾವಾರನ್ನು ಬೇಕಾದ ಶೇಕಡಾವಾರಿನಿಂದ ಭಾಗಿಸಿ, ಒಂದು ಕಳೆದು, ವಿಸ್ಕಿಯ ಪ್ರಮಾಣದಿಂದ ಗುಣಿಸಿದರೆ ನೀರಿನ ಪ್ರಮಾಣ. ಶೇಕಡ 58ರ ವಿಸ್ಕಿ 20 ಮಿಲಿಲೀಟರ್ ತೆಗೆದುಕೊಂಡರೆ, 50ಕ್ಕೆ ಇಳಿಸಲು 3.2 ಮಿಲಿಲೀಟರ್ ನೀರು, 46ಕ್ಕೆ 5.2, 40ಕ್ಕೆ 9, 30ಕ್ಕೆ 18.7. ನೀರು ಮತ್ತು ಮದ್ಯಸಾರ ಸೇರಿದಾಗ ಒಟ್ಟು ಗಾತ್ರ ತುಸು ಕುಗ್ಗುತ್ತದೆ, ಆದರೆ ಈ ಅಳತೆಯಲ್ಲಿ ಅದು ಗಣನೆಗೆ ಬರುವುದಿಲ್ಲ. ಐದು ಲೋಟ, ನಾಲ್ಕು ಜನ. ಒಬ್ಬೊಬ್ಬರಿಗೆ ಪ್ರತಿ ಲೋಟದಿಂದ 5 ಮಿಲಿಲೀಟರ್ ವಿಸ್ಕಿ, ಒಟ್ಟು 25. ಒಬ್ಬರೇ ಐದೂ ಲೋಟ ಮುಗಿಸಿದರೆ 58 ಮಿಲಿಲೀಟರ್ ಶುದ್ಧ ಮದ್ಯಸಾರ ಆಗುತ್ತದೆ. ಅಂಗಡಿಯ ಶೇಕಡ 42.8ರ ವಿಸ್ಕಿಯ ಲೆಕ್ಕದಲ್ಲಿ ಎರಡು ಲಾರ್ಜ್‌ಗಿಂತ ಹೆಚ್ಚು. ಅಷ್ಟಾದ ಮೇಲೆ ಯಾರ ಟಿಪ್ಪಣಿಗೂ ಬೆಲೆ ಇಲ್ಲ.

ನೀರು ಹಾಕಿದ ಕೂಡಲೇ ಮೂಸಬಾರದು. ಲೋಟದ ಮೇಲೆ ಚಿಕ್ಕ ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಬೇಕು. ಶಕ್ತಿ ತಗ್ಗಿದಂತೆ ಮದ್ಯಸಾರದ ಅಣುಗಳ ನಡುವೆ ಹುದುಗಿದ್ದ ಗ್ವಾಯಕಾಲ್‌ನಂಥವು ದ್ರವದ ಮೇಲ್ಪದರಕ್ಕೆ ಬರುತ್ತವೆ. ಮೂಗಿಗೆ ಸಿಗುವುದು ಆ ಮೇಲ್ಪದರವೇ.

58ರಲ್ಲಿ ಮರ ಮತ್ತು ಉರಿ. 50ರಲ್ಲಿ ಮಾವು ಬಿಚ್ಚಿಕೊಳ್ಳುತ್ತದೆ, ಬೆಲ್ಲದ ಪಾಕ ಕಾಣುತ್ತದೆ. 46ರಲ್ಲಿ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ: ಹಣ್ಣು, ಕೊಬ್ಬರಿ, ಲವಂಗ, ಕೊನೆಯಲ್ಲಿ ಚಾಕೊಲೇಟ್. ಮೇಜಿನ ಸುತ್ತ ಬೇರೆ ಬೇರೆ ಅಭಿಪ್ರಾಯ ಇದ್ದರೂ ಈ ವಿಸ್ಕಿಗೆ 46ರಿಂದ 48 ಸರಿಯಾದ ಜಾಗ ಎಂದು ನಾವು ಖಚಿತವಾಗಿ ಹೇಳುತ್ತೇವೆ. 40ಕ್ಕೆ ಬಂದಾಗ ಸೆಕೆ ನಾಡಿನ ಗುಟ್ಟು ಹೊರಬೀಳುತ್ತದೆ. ಸಿಹಿ ತೆಳುವಾಗಿ ಮರದ ಒಗರು, ಚಹಾ ಹೆಚ್ಚು ಕುದ್ದಾಗ ಬರುವ ಥರದ್ದು, ವಸಡಿಗೆ ಹಿಡಿಯುತ್ತದೆ. 30ರಲ್ಲಿ ಕುಡಿಯಲು ಏನೂ ಉಳಿದಿರುವುದಿಲ್ಲ, ಆದರೆ ಮೂಸಲು ಅದೇ ಅತ್ಯುತ್ತಮ. ವಿಸ್ಕಿ ಬೆರೆಸುವ ವೃತ್ತಿಯವರು ಶೇಕಡ 20ಕ್ಕೆ ಇಳಿಸಿ ಮೂಸುವುದೂ ಅದಕ್ಕೇ, ಅಷ್ಟು ಕೆಳಗೆ ಯಾವ ದೋಷವೂ ಬಚ್ಚಿಟ್ಟುಕೊಳ್ಳುವುದಿಲ್ಲ. ಫ್ಯೂಷನ್‌ಗೆ ಇಷ್ಟು ನೀರು ಬೇಡ. 20 ಮಿಲಿಲೀಟರಿಗೆ 2 ಹಾಕಿದರೆ ಶೇಕಡ 45ರ ಹತ್ತಿರ ಬಂದು ಹೊಗೆ ಸರಿಯಾಗಿ ಏಳುತ್ತದೆ.

ಇಲ್ಲಿ ಮಲೆನಾಡಿನಲ್ಲಿ ಎದುರಾಗುವ ತೊಂದರೆಯೊಂದು ನೀರಿನದೇ. ತೋಟದ ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ, ಅದು ಓಕ್‌ನ ಟ್ಯಾನಿನ್ ಜೊತೆ ಕೂಡಿ ವಿಸ್ಕಿ ಬೂದು ಕಪ್ಪಾಗುತ್ತದೆ, ನಾಲಿಗೆಗೆ ತುಕ್ಕಿನ ರುಚಿ. ಮರ ಹೆಚ್ಚು ಕುಡಿದ ಕವಲಾನ್‌ನಂಥವುಗಳಲ್ಲಿ ಇದು ಬೇಗ ಕಾಣುತ್ತದೆ. ಬಾಟಲಿ ಕೆಟ್ಟಿದೆ ಎಂದು ದೂರುವ ಮೊದಲು ನೀರು ಬದಲಿಸಿ ನೋಡಿ. ಮೊದಲೇ ಪರೀಕ್ಷಿಸಬೇಕೆಂದರೆ ಹಾಲಿಲ್ಲದ ಗಟ್ಟಿ ಚಹಾಕ್ಕೆ ಆ ನೀರು ಬೆರೆಸಿದರೆ ಸಾಕು, ಕಪ್ಪಾದರೆ ಕಬ್ಬಿಣ ಇದೆ. ಕಾಯಿಸಿ ಆರಿಸಿದ ಒರತೆ ನೀರು ಅಥವಾ ಫಿಲ್ಟರ್ ನೀರು ಒಳ್ಳೆಯದು. ಪಟ್ಟಣದ ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ರಾತ್ರಿಯಿಡೀ ತೆರೆದಿಡಬೇಕು.

ಇನ್ನೊಂದು ಅನುಮಾನ ಮಬ್ಬು. ನೀರು ಹಾಕಿದಾಗ ಅಥವಾ ಚಳಿಯಲ್ಲಿ ಲೋಟ ಸ್ವಲ್ಪ ಮಂಜಾದರೆ ಅದು ಕಲಬೆರಕೆಯಲ್ಲ. ತಣ್ಣಗೆ ಮಾಡಿ ಸೋಸದ ವಿಸ್ಕಿಯಲ್ಲಿ ಕೊಬ್ಬಿನಾಮ್ಲದ ಎಸ್ಟರ್‌ಗಳು ಶೇಕಡ 46ಕ್ಕಿಂತ ಕೆಳಗೆ ಹೆಪ್ಪುಗಟ್ಟಿ ಮಬ್ಬು ತರುತ್ತವೆ. ಬಾಯಿ ತುಂಬುವ ಎಣ್ಣೆಯಂಥ ನುಣುಪು ಅವುಗಳಿಂದಲೇ ಬರುವುದು, ಹಾಗಾಗಿ ಮಬ್ಬು ಕಂಡರೆ ಸಂತೋಷಪಡಬೇಕು. ಐಸ್ ಮಾತ್ರ ಬೇಡ. ಮಾವನ್ನು ಮೊದಲು ಕೊಲ್ಲುವುದು ತಣ್ಣನೆಯೇ.

ರಾತ್ರಿ ಊಟದಲ್ಲಿ ಕಡುಬು, ಕೋಳಿ ಸಾರು. ವಿಸ್ಕಿಯ ಜೊತೆ ಖಾರ ಸೇರಿಸುವುದನ್ನು ನಾವು ಒಪ್ಪುವುದಿಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಮತ್ತು ಮದ್ಯಸಾರ ಎರಡೂ ಅದೇ ಬಿಸಿಯ ನರವನ್ನು ಮುಟ್ಟುತ್ತವೆ, ಉರಿ ದುಪ್ಪಟ್ಟಾಗಿ ರುಚಿ ಸಾಯುತ್ತದೆ. ಊಟಕ್ಕೆ ಮೊದಲು ಹೊಂದುವುದು ಹುರಿದ ಗೋಡಂಬಿ, ಉಪ್ಪು ಕಡಿಮೆ ಇರುವ ಹಲಸಿನ ಹಪ್ಪಳ, ಕೊಬ್ಬರಿ ಚೂರು. ಊಟವಾದ ಮೇಲೆ 46ಕ್ಕೆ ಇಳಿಸಿದ ಕವಲಾನ್ ಜೊತೆ ಕಾಯಿಹಾಲು, ಜೋನಿ ಬೆಲ್ಲ ಹಾಕಿದ ಕಡುಬು ಅದ್ಭುತವಾಗಿ ಕೂಡುತ್ತದೆ: ಓಕ್‌ನ ಕೊಬ್ಬರಿ ಪರಿಮಳಕ್ಕೆ ನಿಜವಾದ ಕೊಬ್ಬರಿ ಸಿಗುತ್ತದೆ, ಸುಟ್ಟ ಸಕ್ಕರೆಗೆ ಬೆಲ್ಲ. ಫ್ಯೂಷನ್‌ಗೆ ಈ ಸಿಹಿ ಹೊಂದುವುದಿಲ್ಲ. ಅದಕ್ಕೆ ಕೆಂಡದ ಮೇಲೆ ಸುಟ್ಟ ಅಣಬೆ, ಬರೀ ಉಪ್ಪು ಕಾಳುಮೆಣಸು ಹಾಕಿದ್ದು. ಕಾಫಿ ಕಟ್ಟಕಡೆಗೆ, ಹಾಲಿಲ್ಲದ್ದು. ಚಿಕೋರಿ ಬೆರೆಸಿದ ಪುಡಿಯ ಕಹಿ ವಿನ್ಯೊ ಬರೀಕ್‌ನ ಚಾಕೊಲೇಟನ್ನು ಒರಸಿಹಾಕುತ್ತದೆ, ಶುದ್ಧ ಅರೇಬಿಕಾ ಅದನ್ನು ಇನ್ನಷ್ಟು ಉದ್ದ ಎಳೆಯುತ್ತದೆ.

ಭಾನುವಾರ: ಉಳಿದದ್ದನ್ನು ಕಾಪಾಡುವುದು

ವಾಪಸು ಹೊರಡುವ ದಿನ ರುಚಿ ನೋಡುವ ಮಾತಿಲ್ಲ. ಗಾಡಿ ಓಡಿಸುವವರ ರಕ್ತದಲ್ಲಿ ಮದ್ಯಸಾರ 100 ಮಿಲಿಲೀಟರಿಗೆ 30 ಮಿಲಿಗ್ರಾಂ ದಾಟಬಾರದೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ದೇಹ ಅದನ್ನು ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಮಾತ್ರ ಇಳಿಸುತ್ತದೆ. ಕಾಫಿ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಅದನ್ನು ಬೇಗ ಮಾಡದು. ರಾತ್ರಿ ಹೆಚ್ಚು ಕುಡಿದವರು ಬೆಳಿಗ್ಗೆ ಸ್ಟಿಯರಿಂಗ್ ಹಿಡಿಯದಿರುವುದೇ ಸರಿ.

ಬೆಳಗಿನ ಕೆಲಸ ಬಾಟಲಿಗಳನ್ನು ಭದ್ರಮಾಡುವುದು. ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ ಬಿಗಿಯಾಗಿ ಮುಚ್ಚಿ ಕತ್ತಲಲ್ಲಿ ಇಟ್ಟರೆ ವರ್ಷದವರೆಗೆ ಚಿಂತೆ ಇಲ್ಲ. ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದರೆ ಒಳಗಿನ ಗಾಳಿ ಹಣ್ಣಿನ ಪರಿಮಳವನ್ನು ಕೆಲವೇ ತಿಂಗಳಲ್ಲಿ ಮಂಕು ಮಾಡುತ್ತದೆ, ಸೆಕೆ ನಾಡಿನ ವಿಸ್ಕಿಗಳಲ್ಲಿ ಆಮೇಲೆ ಉಳಿಯುವುದು ಮರದ ಒಗರು. ಆಗ 100 ಮಿಲಿಲೀಟರಿನ ಗಾಜಿನ ಚಿಕ್ಕ ಬಾಟಲಿಗಳಿಗೆ ಕುತ್ತಿಗೆಯವರೆಗೆ ತುಂಬಿಸಿ, ಪೀಪಾಯಿಯ ಸಂಖ್ಯೆ ಮತ್ತು ತಾರೀಖು ಬರೆದ ಚೀಟಿ ಅಂಟಿಸಬೇಕು. ಪ್ಲಾಸ್ಟಿಕ್ ಬೇಡವೇ ಬೇಡ. ಕೆಮ್ಮಿನ ಔಷಧಿಯ ಬಾಟಲಿ ಎಷ್ಟು ತೊಳೆದರೂ ಮುಚ್ಚಳದ ವಾಸನೆ ಹೋಗುವುದಿಲ್ಲ.

ಬಿರಡೆ ತೆಗೆಯುವಾಗ ಕಾರ್ಕ್ ಪುಡಿಯಾಗಿ ಒಳಗೆ ಬಿದ್ದರೆ ಬಟ್ಟೆಯಲ್ಲಿ ಸೋಸಬಾರದು. ಕಾಫಿ ಸೋಸುವ ಕಾಗದದ ಫಿಲ್ಟರನ್ನು ಮೊದಲು ಬಿಸಿನೀರಿನಲ್ಲಿ ನೆನೆಸಿ ಕಾಗದದ ವಾಸನೆ ತೆಗೆದು, ಪೂರ್ತಿ ಒಣಗಿಸಿ, ಗಾಜಿನ ಲಾಳಿಕೆಯಲ್ಲಿಟ್ಟು ನಿಧಾನ ಸುರಿಯಬೇಕು. ಒದ್ದೆ ಕಾಗದದಲ್ಲಿ ಸೋಸಿದರೆ ಅದರ ನೀರೂ ವಿಸ್ಕಿಗೆ ಇಳಿಯುತ್ತದೆ. ಹಳೆಯ ಖಾಲಿ ಬಾಟಲಿಯ ಗಟ್ಟಿ ಬಿರಡೆಗಳನ್ನು ಎಸೆಯದೆ ಇಟ್ಟುಕೊಂಡಿದ್ದರೆ ಇಂಥ ಹೊತ್ತಿಗೆ ಅಳತೆಗೆ ಹೊಂದುವುದೊಂದು ಸಿಕ್ಕೇ ಸಿಗುತ್ತದೆ. ಬಾಟಲಿಯನ್ನು ಮಲೆನಾಡಿನ ಮನೆಯಲ್ಲೇ ಬಿಟ್ಟು ಬರುವುದಾದರೆ ಜೂನ್ ಬರುವ ಮೊದಲು ಬಿರಡೆ ಮತ್ತು ಕುತ್ತಿಗೆಯನ್ನು ಒಣಬಟ್ಟೆಯಲ್ಲಿ ಒರಸಿ, ಗಾಳಿಯಾಡದ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿಡಬೇಕು. ಮಳೆಗಾಲದ ಬೂಸ್ಟು ಲೇಬಲ್ಲಿಗೂ ಕಾರ್ಕಿಗೂ ಹತ್ತದಂತೆ ತಡೆಯಲು ಅದೊಂದೇ ದಾರಿ.